ಮ್ಯಾಕ್‌ಬೆತ್‌ಗೆ ಕಣಿ ಹೇಳಿದವರು

ಗೆದ್ದು ಬರುತ್ತಿದ್ದ ಸ್ಕಾಟ್ಲೆಂಡಿನ ಸೇನಾನಿಯೊಬ್ಬ, ತಾನು ದೊರೆಯಾಗುವೆನೆಂಬ ಭವಿಷ್ಯವನ್ನು ಬಯಲಿನಲ್ಲಿ ಎದುರಾದ ಮೂವರು ಮಾಟಗಾತಿಯರ ಬಾಯಿಂದ ಕೇಳಿ, ಹೆಂಡತಿಯ ಒತ್ತಾಸೆಯಿಂದ ತನ್ನ ಮನೆಗೆ ಅತಿಥಿಯಾಗಿ ಬಂದ ರಾಜನನ್ನೇ ಕೊಂದು, ಆ ಕೊಲೆಯನ್ನು ಮುಚ್ಚಿಡಲು ಇನ್ನಷ್ಟು ಕೊಲೆಗಳನ್ನು ಮಾಡುತ್ತ ಹಾಳಾಗುವ ಕಥೆಯೇ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’. ಈ ನಾಟಕವನ್ನು ಬೇರೆ ಭಾಷೆಯ ಚಲನಚಿತ್ರವಾಗಿಸಿದವರು ಮೂಲದ ಕಾವ್ಯವನ್ನು ಬಿಟ್ಟರು, ಕಾಲವನ್ನು ಬದಲಿಸಿದರು, ಸ್ಕಾಟ್ಲೆಂಡನ್ನೂ ಕೈಬಿಟ್ಟರು. ಆದರೆ ಸೇನಾನಿಯ ಕಿವಿಯಲ್ಲಿ ಆಸೆಯ ಬೀಜ ಬಿತ್ತುವವರು ಯಾರು ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮ ನೆಲದಲ್ಲೇ ಉತ್ತರ ಹುಡುಕಬೇಕಾಯಿತು. ಕೊಲೆಯ ಹೊಣೆಯನ್ನು ಯಾರ ಮೇಲೆ ಹೊರಿಸಬೇಕೆಂಬುದೂ ಆ ಉತ್ತರದಲ್ಲೇ ಅಡಗಿತ್ತು.

ಈ ಹುಡುಕಾಟ ಶೇಕ್ಸ್‌ಪಿಯರನಿಂದಲೇ ಆರಂಭವಾಗಿತ್ತು. ಅವನು ಆಧಾರವಾಗಿಟ್ಟುಕೊಂಡ ರಾಫೆಲ್ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಈ ಮೂವರು ಹೆಂಗಸರು ವಿಧಿಯ ದೇವತೆಗಳೋ ವನದೇವತೆಗಳೋ ಆಗಿರಬಹುದೆಂಬ ಊಹೆಯಷ್ಟೇ ಇತ್ತು. ಆದರೆ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿ, ಶೇಕ್ಸ್‌ಪಿಯರನ ನಾಟಕ ಮಂಡಳಿಗೆ ಪೋಷಕನಾದ ಮೊದಲನೆಯ ಜೇಮ್ಸ್ ದೊರೆ, 1597ರಲ್ಲಿಯೇ ಮಾಟ ಮತ್ತು ಪಿಶಾಚಗಳ ಬಗ್ಗೆ ‘ಡೀಮನಾಲಜಿ’ ಎಂಬ ಗ್ರಂಥವನ್ನು ಬರೆದಿದ್ದವನು. ಇಂಥ ದೊರೆಯ ಆಳ್ವಿಕೆಯಲ್ಲಿ, ಸುಮಾರು 1606ರ ಹೊತ್ತಿಗೆ ರಚನೆಯಾದ ನಾಟಕದಲ್ಲಿ ಆ ದೇವತೆಗಳು ಗಡ್ಡ ಬೆಳೆದ, ಸುಕ್ಕುಗಟ್ಟಿದ ಮಾಟಗಾತಿಯರಾಗಿ ಬದಲಾದರು.

ಮೂರು ಶತಮಾನಗಳ ನಂತರ, 1936ರಲ್ಲಿ, ಇಪ್ಪತ್ತರ ಹರೆಯದ ಆರ್ಸನ್ ವೆಲ್ಸ್ ನ್ಯೂಯಾರ್ಕಿನ ಹಾರ್ಲೆಮ್‌ನ ರಂಗಮಂದಿರವೊಂದರಲ್ಲಿ ಕಪ್ಪು ಜನಾಂಗದ ಕಲಾವಿದರನ್ನೇ ಕಟ್ಟಿಕೊಂಡು ಈ ನಾಟಕವನ್ನು ಆಡಿಸಿ, ಕಥೆಯನ್ನು ಹೈಟಿಯನ್ನು ಹೋಲುವ ದ್ವೀಪಕ್ಕೆ ಒಯ್ದು, ಮಾಟಗಾತಿಯರನ್ನು ಆಫ್ರಿಕನ್ ಮೂಲದ ಆರಾಧನಾ ಪದ್ಧತಿಯಾದ ವೂಡೂವಿನ ಆಚರಣೆಗಾರರನ್ನಾಗಿಸಿದನು. 1948ರಲ್ಲಿ ತೆರೆಗೆ ಬಂದ ಅವನ ಚಲನಚಿತ್ರವು ಮತ್ತೆ ಸ್ಕಾಟ್ಲೆಂಡಿಗೆ ಮರಳಿತಾದರೂ, ಅಲ್ಲಿ ಮಾಟಗಾತಿಯರು ಕ್ರೈಸ್ತ ಧರ್ಮಕ್ಕೆ ಸೋಲುತ್ತಿರುವ ಹಳೆಯ ನಂಬಿಕೆಯ ಪ್ರತಿನಿಧಿಗಳಾಗಿದ್ದು, ಮಣ್ಣಿನ ಗೊಂಬೆಯೊಂದನ್ನು ಮಾಡಿ ಮ್ಯಾಕ್‌ಬೆತ್‌ನ ಹಣೆಬರಹವನ್ನು ಅದರ ಮೂಲಕವೇ ಆಡಿಸುತ್ತಾರೆ.

ವೆಲ್ಸ್‌ನ ಚಿತ್ರ ಆಗಲೇ ತಯಾರಾಗಿದೆಯೆಂದು ತಿಳಿದು ತನ್ನ ಯೋಜನೆಯನ್ನು ಕೆಲವು ವರ್ಷ ಮುಂದೂಡಿದ್ದ ಜಪಾನಿನ ಅಕಿರ ಕುರೊಸಾವ, 1957ರಲ್ಲಿ ‘ಕುಮೊನೊಸು-ಜೊ’, ಅಂದರೆ ‘ಜೇಡರಬಲೆಯ ಕೋಟೆ’ಯನ್ನು ತೆರೆಗೆ ತಂದನು. ಶೇಕ್ಸ್‌ಪಿಯರನ ಸಂಭಾಷಣೆಯನ್ನು ಇಲ್ಲಿ ಅನುವಾದಿಸಿಯೂ ಬಳಸಿಲ್ಲ. ಅದರ ಸ್ಥಾನವನ್ನು ಮಂಜು, ಕಾಡು, ಕುದುರೆಗಳ ಓಟ ಮತ್ತು ದೀರ್ಘ ಮೌನಗಳು ತುಂಬುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ರೂಪುಗೊಂಡ, ಮುಖವಾಡ ಮತ್ತು ನಿಧಾನಗತಿಯ ಚಲನೆಗೆ ಹೆಸರಾದ ನೋ ರಂಗಭೂಮಿಯಿಂದ ಕುರೊಸಾವ ಪಾತ್ರಗಳ ಮುಖಭಾವವನ್ನೂ ನಡಿಗೆಯನ್ನೂ ಪಡೆದನು. ಮೂವರು ಮಾಟಗಾತಿಯರ ಬದಲಿಗೆ ಕಾಡಿನ ಗುಡಿಸಲೊಂದರಲ್ಲಿ ರಾಟೆ ತಿರುಗಿಸುತ್ತ, ಮನುಷ್ಯನ ಬಾಳು ಎಷ್ಟು ಕ್ಷಣಿಕವೆಂದು ಹಾಡುವ ಬಿಳಿಗೂದಲಿನ ಒಂಟಿ ಚೇತನವಿದೆ. ನೋ ಪರಂಪರೆಯ ‘ಕುರೊಜುಕ’ ನಾಟಕದಲ್ಲಿ ನೂಲುವ ಮುದುಕಿಯ ವೇಷದಲ್ಲಿರುವ ರಾಕ್ಷಸಿಯನ್ನು ಈ ಆಕೃತಿ ನೆನಪಿಗೆ ತರುತ್ತದೆ.

ಇದಕ್ಕಿಂತ ಮುಖ್ಯವಾದ ಬದಲಾವಣೆ ಕಥೆಯ ಒಡಲಲ್ಲಿದೆ. ಶೇಕ್ಸ್‌ಪಿಯರನ ನಾಟಕದಲ್ಲಿ ಕೊಲೆಯಾಗುವ ಡಂಕನ್ ಸಜ್ಜನ ದೊರೆ. ಕುರೊಸಾವನ ಒಡೆಯನಾದರೋ ತನ್ನ ಹಿಂದಿನ ಒಡೆಯನನ್ನು ಕೊಂದು ಅಧಿಕಾರಕ್ಕೆ ಬಂದವನೆಂದು ನಾಯಕ ವಾಶಿಜುವಿನ ಹೆಂಡತಿ ಅಸಾಜಿ ತಣ್ಣಗೆ ನೆನಪಿಸುತ್ತಾಳೆ. ಅಂತರ್ಯುದ್ಧಗಳ ಕಾಲದ ಜಪಾನಿನಲ್ಲಿ ಕೆಳಗಿನವನು ಮೇಲಿನವನನ್ನು ಉರುಳಿಸುವುದು ವಾಡಿಕೆಯೇ ಆಗಿಬಿಟ್ಟಿದ್ದರಿಂದ, ಇಲ್ಲಿ ಭವಿಷ್ಯವಾಣಿ ಪಾಪವನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ನಡೆಯುತ್ತಲೇ ಬಂದಿರುವ ಚಕ್ರದೊಳಕ್ಕೆ ಇನ್ನೊಬ್ಬನನ್ನು ಎಳೆದುಕೊಳ್ಳುತ್ತದೆ. ಕೊನೆಯಲ್ಲಿ ವಾಶಿಜುವನ್ನು ಕೊಲ್ಲುವವರೂ ಶತ್ರುಗಳಲ್ಲ. ತೋಶಿರೊ ಮಿಫುನೆ ಅಭಿನಯಿಸಿದ ಆ ಹೆಸರಾಂತ ದೃಶ್ಯದಲ್ಲಿ ಬಾಣಗಳ ಮಳೆಗರೆಯುವವರು ಅವನದೇ ಸೈನಿಕರು.

ಕುರೊಸಾವ ನೋ ಶೈಲಿಯಿಂದ ಪಡೆದುದನ್ನು ಬಿ.ವಿ. ಕಾರಂತರು ಯಕ್ಷಗಾನದಿಂದ ಪಡೆದು 1979ರಲ್ಲಿ ಹಿಂದಿಯಲ್ಲಿ ‘ಬರ್ನಮ್ ವನ’ವನ್ನು ರಂಗಕ್ಕೆ ತಂದರು. ಕನ್ನಡದಲ್ಲಂತೂ ಎಂ.ಎಲ್. ಶ್ರೀಕಂಠೇಶಗೌಡರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲೇ ಈ ಕಥೆಯನ್ನು ‘ಪ್ರತಾಪರುದ್ರದೇವ’ ಎಂಬ ನಾಟಕವಾಗಿ ರೂಪಾಂತರಿಸಿದ್ದರು. ಹೀಗೆ ಭಾರತದ ಸಿನಿಮಾ ‘ಮ್ಯಾಕ್‌ಬೆತ್’ಅನ್ನು ಕೈಗೆತ್ತಿಕೊಂಡಾಗ ರಂಗಭೂಮಿ ಆ ದಾರಿಯಲ್ಲಿ ಬಹುದೂರ ಸಾಗಿಯಾಗಿತ್ತು.

ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’ (2003) ಕಥೆಯನ್ನು ಮುಂಬೈಯ ಭೂಗತ ಲೋಕಕ್ಕೆ ತಂದಿತು. ಪಂಕಜ್ ಕಪೂರ್ ಅಭಿನಯಿಸಿದ ಅಬ್ಬಾಜಿ ಇಲ್ಲಿನ ದೊರೆ, ಇರ್ಫಾನ್ ಖಾನ್ ಅವನ ನಂಬಿಕೆಯ ಬಂಟ, ತಬು ಅಭಿನಯಿಸಿದ ನಿಮ್ಮಿ ಬಂಟನ ಹೆಂಡತಿಯಲ್ಲ, ದೊರೆಯ ಪ್ರೇಯಸಿ. ಕಣಿ ಹೇಳುವವರು ಓಂ ಪುರಿ ಮತ್ತು ನಾಸಿರುದ್ದೀನ್ ಶಾ ಅಭಿನಯಿಸಿದ ಪಂಡಿತ್ ಮತ್ತು ಪುರೋಹಿತ್ ಎಂಬ ಲಂಚಕೋರ ಪೊಲೀಸರು. ಇವರು ಜಾತಕದ ಕುಂಡಲಿ ಬರೆಯುತ್ತಾರೆ, ಗುಂಪುಗಳ ನಡುವೆ ಬಲದ ಸಮತೋಲ ತಪ್ಪಬಾರದೆನ್ನುತ್ತಾರೆ, ಮತ್ತು ಆ ಸಮತೋಲಕ್ಕಾಗಿ ತಾವು ನುಡಿದದ್ದು ನಡೆಯುವಂತೆ ತಾವೇ ನೋಡಿಕೊಳ್ಳುತ್ತಾರೆ. ಕಣಿಯ ಪ್ರಕಾರ ನಾಯಕ ಅಳಿಯಬೇಕಾದರೆ, ಮೂಲದಲ್ಲಿ ಕಾಡು ಕೋಟೆಯತ್ತ ನಡೆದು ಬರಬೇಕು, ಇಲ್ಲಿ ಸಮುದ್ರವೇ ಮನೆಗೆ ಬರಬೇಕು. ವಿಧಿಯ ಮಾತನ್ನು ಖಾಕಿ ತೊಟ್ಟವರ ಬಾಯಿಗೆ ಹಾಕಿದ್ದರಿಂದ, ಕೊಲೆಯ ಪ್ರಚೋದನೆ ಆಕಾಶದಿಂದಿಳಿದು ಸರ್ಕಾರಿ ವ್ಯವಸ್ಥೆಯೊಳಗೆ ಬಂದು ಕೂತಿತು.

ದಿಲೀಶ್ ಪೋತನ್ ನಿರ್ದೇಶಿಸಿ ಶ್ಯಾಮ್ ಪುಷ್ಕರನ್ ಬರೆದ ಮಲಯಾಳಂ ಚಿತ್ರ ‘ಜೋಜಿ’ (2021) ಕಣಿಗಾರರನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಕೇರಳದ ರಬ್ಬರ್ ತೋಟದ ಮನೆಯಲ್ಲಿ ದುಡ್ಡಿನ ಮೇಲೂ ಮಕ್ಕಳ ಮೇಲೂ ಹಿಡಿತ ಸಡಿಲಿಸದ ತಂದೆ, ಓದು ಅರ್ಧಕ್ಕೆ ಬಿಟ್ಟ ಕಿರಿಯ ಮಗ, ಕಂಡೂ ಕಾಣದಂತಿರುವ ಅತ್ತಿಗೆ ಇವರಿಷ್ಟೇ ಸಾಕಾಗುತ್ತಾರೆ. ತಂದೆಯ ಮಾತ್ರೆಗಳನ್ನು ಬದಲಿಸಲು ಯಾವ ದೈವದ ಅಪ್ಪಣೆಯೂ ಬೇಕಾಗುವುದಿಲ್ಲ. ಅದೇ ವರ್ಷ ಮೂಲದ ಕಾವ್ಯವನ್ನೇ ಆಡಿಸಿದ ಜೋಯೆಲ್ ಕೊಯೆನ್‌ನ ಇಂಗ್ಲಿಷ್ ಚಿತ್ರ ಮಾಟಗಾತಿಯರನ್ನು ಉಳಿಸಿಕೊಂಡು, ಮೂವರ ಪಾತ್ರವನ್ನೂ ಕ್ಯಾಥರಿನ್ ಹಂಟರ್ ಎಂಬ ಒಬ್ಬಳೇ ನಟಿಗೆ ಒಪ್ಪಿಸಿತು.

ಪಠ್ಯವನ್ನು ಬಿಡಲಾಗದವರಿಗೆ ಮಾಟಗಾತಿಯರನ್ನೂ ಬಿಡಲಾಗಲಿಲ್ಲ. ಪಠ್ಯವನ್ನು ಬಿಟ್ಟವರು ಕಾಡಿನ ಚೇತನದಿಂದ ಪೊಲೀಸರವರೆಗೆ, ಅಲ್ಲಿಂದ ಮನೆಯ ಜಗುಲಿಯವರೆಗೆ ಆಸೆಯ ಮೂಲವನ್ನು ಹತ್ತಿರ ಹತ್ತಿರಕ್ಕೆ ತಂದರು. ಆದರೂ ‘ಜೋಜಿ’ಯ ನಾಯಕ ಸಾಯಲು ಹೊರಟಾಗ ತನ್ನ ಸಾವಿಗೆ ಸಮಾಜವೇ ಹೊಣೆಯೆಂದು ದೂರುತ್ತಾನೆ. ಮಾಟಗಾತಿಯರಿಲ್ಲದ ಕಥೆಯಲ್ಲಿಯೂ ಕೊಂದವನು ಬೆರಳು ತೋರಿಸಲು ಮತ್ತೊಬ್ಬರನ್ನು ಹುಡುಕಿಕೊಳ್ಳುತ್ತಾನೆ ಎಂಬುದನ್ನು, ಮೂಲದಿಂದ ಅತಿ ದೂರ ಸರಿದ ಈ ರೂಪಾಂತರವೇ ಅತಿ ಸ್ಪಷ್ಟವಾಗಿ ತೋರಿಸಿತು.