ಹೂವಿನ ಚೆರ್ರಿಗೆ ಹಣ್ಣಿನ ಕಸಿ

ವ್ಯಾಂಕೂವರಿನಲ್ಲಿ ನಾವು ಮನೆ ಕೊಂಡಾಗ ಹಿತ್ತಿಲಲ್ಲೊಂದು ಚೆರ್ರಿ ಮರವಿತ್ತು. ಏಪ್ರಿಲ್ ಕೊನೆಗೆ ಮೈತುಂಬ ಗುಲಾಬಿ ಹೂ. ಮಕ್ಕಳು ಬುಟ್ಟಿ ಹಿಡಿದು ಕಾದದ್ದೇ ಬಂತು, ಒಂದೂ ಹಣ್ಣಿಲ್ಲ. ಮರುವರ್ಷವೂ ಅಷ್ಟೇ. ಕಡಿಸಿಬಿಡೋಣವೆಂದುಕೊಂಡೆವು. ಮಾವಿಗೆ ಕಸಿ ಕಟ್ಟುವುದನ್ನು ನೋಡಿ ಬೆಳೆದ ಅಮ್ಮ ಆಗ ಊರಿನಿಂದ ಬಂದಿದ್ದರು. "ಹೂ ಬಿಡೋ ಮರಕ್ಕೆ ಕೊಡಲಿ ಹಾಕಬೇಡಿ, ಕಸಿ ಕಟ್ಟಿ ನೋಡಿ" ಎಂದರು.

ವಿಚಾರಿಸಿದಾಗ ತಿಳಿಯಿತು, ಅದು 'ಕಾಂಜಾನ್' ಎಂಬ ಜಪಾನೀ ಅಲಂಕಾರದ ತಳಿ. ಅದರ ಹೂವಿನ ಹಲವು ಕೇಸರಗಳು ಎಸಳುಗಳಾಗಿ ಮಾರ್ಪಟ್ಟಿರುತ್ತವೆ, ಕಾಯಿ ಕಟ್ಟುವುದೂ ತೀರ ಅಪರೂಪ. ಆದರೆ ತಿನ್ನುವ ಚೆರ್ರಿಯೂ ಅದೇ ಪ್ರೂನಸ್ ಕುಲದ್ದು. ಆದ್ದರಿಂದ ಒಂದರ ಕಡ್ಡಿ ಇನ್ನೊಂದರ ಕೊಂಬೆಗೆ ಕೂಡಿಕೊಳ್ಳಬಲ್ಲದು.

ನಾವು ಆರಿಸಿದ್ದು 'ಸ್ಟೆಲ್ಲಾ'. ನಮ್ಮದೇ ಬ್ರಿಟಿಷ್ ಕೊಲಂಬಿಯಾದ ಸಮ್ಮರ್‌ಲ್ಯಾಂಡ್ ಸಂಶೋಧನಾ ಕೇಂದ್ರದಿಂದ 1968ರಲ್ಲಿ ಹೊರಬಂದ ತಳಿ. 'ಬಿಂಗ್' ತಳಿಗೆ ಬೇಕಾಗುವಂತೆ ಇದಕ್ಕೆ ಬೇರೆ ಚೆರ್ರಿಯ ಪರಾಗ ಬೇಕಿಲ್ಲ.

ಮೊದಲ ಸಲ ಏಪ್ರಿಲ್‌ನಲ್ಲಿ, ಚಿಗುರೊಡೆದ ಕಡ್ಡಿಯನ್ನೇ ತಂದು ಕಟ್ಟಿದೆವು. ಎರಡು ವಾರದಲ್ಲಿ ಒಣಗಿತು. ಕಡ್ಡಿ ನಿದ್ದೆಯಲ್ಲಿರುವಾಗಲೇ ಕತ್ತರಿಸಬೇಕೆಂಬ ಪಾಠ ಆಗ ಕಲಿತೆವು.

ಕ್ರಮ ಹೀಗಿದೆ. ಜನವರಿ-ಫೆಬ್ರವರಿಯಲ್ಲಿ ಪೆನ್ಸಿಲ್ ದಪ್ಪದ, ಹಿಂದಿನ ಬೇಸಗೆಯಲ್ಲಿ ಬೆಳೆದ ಕಡ್ಡಿ ತನ್ನಿ. ಜಪಾನೀ ಚೆರ್ರಿಗಳಿಗೆ ಕೆಲವು ವೈರಸ್‌ಗಳು ಬೇಗ ತಗಲುವುದರಿಂದ ಕಡ್ಡಿ ಆರೋಗ್ಯವಂತ ಮರದ್ದೇ ಆಗಿರಲಿ. ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಹತ್ತಿರ ಸೇಬು ಬೇಡ, ಅದರಿಂದ ಹೊರಡುವ ಅನಿಲ ಮೊಗ್ಗನ್ನು ಕೆಡಿಸುತ್ತದೆ. ಮರದ ಮೊಗ್ಗು ಉಬ್ಬುವಾಗ, ಮಳೆಯಿಲ್ಲದ ದಿನ, ಅಷ್ಟೇ ದಪ್ಪದ ಕೊಂಬೆಯನ್ನೂ ಕಡ್ಡಿಯನ್ನೂ ಮೂರು-ನಾಲ್ಕು ಸೆಂಟಿಮೀಟರ್ ಓರೆಯಾಗಿ ಹರಿತವಾದ ಚಾಕುವಿನಿಂದ ಕತ್ತರಿಸಿ. ತೊಗಟೆಯ ಒಳಗಿನ ತೆಳು ಹಸಿರು ಪದರ ಒಂದು ಪಕ್ಕದಲ್ಲಾದರೂ ಸರಿಯಾಗಿ ಸೇರಬೇಕು, ಕಸಿಯ ಗುಟ್ಟೆಲ್ಲ ಇಲ್ಲೇ ಇದೆ. ಟೇಪಿನಿಂದ ಬಿಗಿದು ತುದಿಗೆ ಮೇಣ ಹಚ್ಚಿ. ಮೂರು-ನಾಲ್ಕು ವಾರದಲ್ಲಿ ಮೊಗ್ಗು ಚಿಗುರಿದರೆ ಕಸಿ ಹಿಡಿಯುತ್ತಿದೆ ಎಂದರ್ಥ. ಕಸಿಯ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರಿ. ಎಲ್ಲ ಕೊಂಬೆಗಳನ್ನೂ ಒಂದೇ ವರ್ಷ ಕತ್ತರಿಸಿದರೆ ಮರ ಸೊರಗುತ್ತದೆ.

ನಾವು ಮೂರು ಕೊಂಬೆಗೆ ಕಟ್ಟಿದೆವು, ಎರಡು ಹಿಡಿದವು. ಮೂರನೆಯ ಬೇಸಗೆಯಲ್ಲಿ ಹದಿನಾಲ್ಕು ಹಣ್ಣು! ಹಕ್ಕಿಗಳ ಪಾಲು ಬೇರೆ. ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು, "ಹೂವೂ ಬಿಡುತ್ತಾ?" ಉಳಿದ ಕೊಂಬೆಗಳಲ್ಲಿ ಗುಲಾಬಿ ಹೂ ಇಂದಿಗೂ ಬಿಡುತ್ತಿದೆ. ನಿಮ್ಮ ಹಿತ್ತಿಲಲ್ಲೂ ಇಂಥ ಮರವಿದ್ದರೆ, ಕಡಿಸುವ ಮುನ್ನ ಒಂದು ಕಡ್ಡಿ ಕಟ್ಟಿ ನೋಡಿ.