ಗುಜರಿಯೊಳಗಿನ ಗಣಿ

ವಿಜಯಪುರದ ಸುತ್ತಿನವರಿಗೆ ಗೊತ್ತು: ಗೂಡನ್ನು ಬಿಸಿನೀರಿಗೆ ಹಾಕಿದರೆ ರೇಷ್ಮೆ ಎಳೆ ಬಿಡುತ್ತದೆ. ಹಳೆಯ ಹಾರ್ಡ್ ಡಿಸ್ಕ್, ಮೋಟಾರುಗಳ ಅಯಸ್ಕಾಂತ ತನ್ನ ಸಂಪತ್ತನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡದು. ಅದರ ತೂಕದಲ್ಲಿ ಸುಮಾರು ಶೇ 30ರಷ್ಟು ನಿಯೋಡಿಮಿಯಂ, ಡಿಸ್ಪ್ರೋಸಿಯಂನಂಥ ವಿರಳ ಲೋಹಗಳಿರುತ್ತವೆ.

ಅಯಸ್ಕಾಂತವನ್ನು ಕಾಯಿಸಿ ಕಾಂತತ್ವ ಕಳೆದು, ಪುಡಿಮಾಡಿ ಆಮ್ಲದಲ್ಲಿ ಕರಗಿಸುತ್ತಾರೆ. ಲೋಹ ಸೆಳೆಯುವ ರಾಸಾಯನಿಕ ಬೆರೆಸಿದ ಸೀಮೆಎಣ್ಣೆಯೊಡನೆ ಆ ದ್ರಾವಣವನ್ನು ಕಲಕಿ ನಿಲ್ಲಿಸಿದರೆ ಡಿಸ್ಪ್ರೋಸಿಯಂ ಮೊದಲು ಎಣ್ಣೆಗೇರುತ್ತದೆ. ನಿಯೋಡಿಮಿಯಂ ಬಹುಪಾಲು ಕೆಳಗೇ ಉಳಿಯುತ್ತದೆ. ಹಂತಹಂತವಾಗಿ ಇದನ್ನೇ ಪುನರಾವರ್ತಿಸಿದರೆ ಎರಡೂ ಬೇರ್ಪಡುತ್ತವೆ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ತಯಾರಕರು ಪರದಾಡಿದರು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಈ ಕ್ಷೇತ್ರ ಹೊಸದಲ್ಲ. ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಸಂಸ್ಥೆ 2005ರಲ್ಲೇ ವಿದ್ಯುನ್ಮಾನ ತ್ಯಾಜ್ಯ ಸಂಸ್ಕರಣೆಗೆ ಇಳಿದಿತ್ತು.

ಆದರೆ ಅಯಸ್ಕಾಂತವು ಕಬ್ಬಿಣದ ಗುಜರಿಯೊಡನೆ ಕುಲುಮೆ ಸೇರಿದರೆ ಈ ಲೋಹಗಳು ಕಿಟ್ಟದ ಪಾಲು. ಉಪಕರಣ ಬಿಚ್ಚುವಾಗಲೇ ಅದನ್ನು ತೆಗೆದಿಡುವುದು ಕಡ್ಡಾಯವಾಗಬೇಕು. ಆಮ್ಲದ ತ್ಯಾಜ್ಯಕ್ಕೂ ಅಷ್ಟೇ ಬಿಗಿ ಬೇಕು. ಕಾರ್ಖಾನೆಗಳ ಕೊಳಚೆಯಿಂದ ಕೆಟ್ಟ ದೊಡ್ಡತುಮಕೂರು ಕೆರೆ ಕಣ್ಣೆದುರಿಗಿದೆ. ಒಂದು ಹನಿಯನ್ನೂ ಹೊರಬಿಡದ ಘಟಕಕ್ಕಷ್ಟೇ ಇಲ್ಲಿ ಅನುಮತಿ ಸಲ್ಲಬೇಕು. ಲೋಹ ಗಳಿಸಿ ನೀರು ಕಳೆದುಕೊಂಡರೆ ಅದು ಲಾಭವಲ್ಲ.