ನಕ್ಷೆ ಬರೆಯುವಾಗ ನೀವೂ ಕೂತ್ಕೊಳ್ಳಿ

ಭೂಕಂಪವಾದ ಊರಿಗೆ ಅಕ್ಕಿ, ಬಟ್ಟೆ ಕಳಿಸುವುದಷ್ಟೇ ಸೇವೆಯಲ್ಲ. ಊರನ್ನು ಮತ್ತೆ ಕಟ್ಟುವ ಯೋಜನೆಗೂ ಕೈಜೋಡಿಸಬಹುದು. 2001ರ ಜನವರಿ 26ರಂದು ಗುಜರಾತಿನ ಭುಜ್ ನಡುಗಿದಾಗ ಹಳೇ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಕಲ್ಲು-ಮಣ್ಣು ತುಂಬಿ ದಾರಿಯೇ ಮುಚ್ಚಿಹೋಯಿತು. ಹೊಸ ನಕ್ಷೆಯಲ್ಲಿ ರಸ್ತೆ ಅಗಲವಾಗಲು ಜನ ತಮ್ಮ ಸೈಟಿನ ಒಂದಿಷ್ಟು ಭಾಗ ಬಿಟ್ಟುಕೊಡಬೇಕಾಯಿತು. ಅದಕ್ಕೇ ಕರಡು ನಕ್ಷೆಯನ್ನು ಅವರ ಮುಂದಿಟ್ಟು ಅಭಿಪ್ರಾಯ ಕೇಳಲಾಯಿತು.

ಇಂಥ ಸಭೆಗೆ ಯಜಮಾನರು ಹೋದರೆ ಸಾಕು ಅನ್ನಬೇಡಿ. ನೀರು ಎಲ್ಲಿಂದ ತರಬೇಕು, ಯಾವ ಮನೇಲಿ ಅಜ್ಜಿ ಒಬ್ಬರೇ ಇದ್ದಾರೆ, ಮಕ್ಕಳು ಶಾಲೆಗೆ ಯಾವ ದಾರೀಲಿ ಹೋಗ್ತಾರೆ, ಇದೆಲ್ಲ ಚೆನ್ನಾಗಿ ಗೊತ್ತಿರೋದು ನಿಮಗೇ. ನಾಲ್ಕು ಮನೆಯವರು ಸೇರಿ ಪಟ್ಟಿ ಮಾಡಿ. ಓದಲು ಬಾರದವರಿಗೆ ನಕ್ಷೆ ಬಿಡಿಸಿ ಹೇಳಿ. ಆಕ್ಷೇಪಣೆಯನ್ನು ಗಡುವಿನೊಳಗೆ ಬರೆದು ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತು ಫೈಲಿಗೆ ಸೇರೋದಿಲ್ಲ!